ಮೈಯೊಳಗಿನ ಲೋಹವೂ ಅದರ ಸವೆತವೂ

ಕಳೆದ ತಿಂಗಳು ನಮ್ಮ ಸೋದರತ್ತೆಯವರನ್ನು ಮೂಳೆಯ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕಾದ ಸಂದರ್ಭವೊದಗಿತು. ಅವರಿಗೆ ಈಗ ಎಪ್ಪತ್ತೊಂದನೆಯ ವರ್ಷ. ಎರಡು ವರ್ಷಗಳಿಂದಲೂ ಬಲಮಂಡಿಯ ನೋವು ಅವರನ್ನು ಬಾಧಿಸುತ್ತಿದ್ದಿತು. ಮೊದಮೊದಲು ಮೆಟ್ಟಿಲೇರುವಾಗ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಬೇನೆಯು ಬರಬರುತ್ತ ದೇವರ ಮನೆಯಿಂದ ಅಡಿಗೆಯ ಮನೆಗೆ ಬರುವುದೂ ದುಸ್ತರವೆನ್ನುವಷ್ಟಕ್ಕೆ ಬೆಳೆದಿತ್ತು. ವೈದ್ಯರು ಚಿತ್ರ ತೆಗೆಸಿ ನೋಡಿ, ಕೀಲಿನ ಮೃದ್ವಸ್ಥಿಯೆಲ್ಲ ಸವೆದುಹೋಗಿ ಎಲುಬಿಗೆ ಎಲುಬು ತಾಗುತ್ತಿದೆಯೆಂದೂ, ಕೃತಕವಾದ ಕೀಲನ್ನು ಇಡಿಸುವುದೇ ಉಳಿದಿರುವ ಮಾರ್ಗವೆಂದೂ ತಿಳಿಸಿದರು. ಹೊರಗೆ ಲೆಕ್ಕದ ಮೇಜಿನ ಬಳಿ ಕುಳಿತಿದ್ದವರು, ಕೀಲುಗಳಲ್ಲಿ ಹಲವು ಬಗೆಗಳುಂಟೆಂದೂ, ಟೈಟೇನಿಯಂ ಎಂಬ ಲೋಹದ್ದಾದರೆ ಬೆಲೆ ಹೆಚ್ಚೆಂದೂ, “ಹಿರಿಯರಿಗೆ ಒಳ್ಳೆಯದನ್ನೇ ಹಾಕಿಸಿ” ಎಂದೂ ಹೇಳಿ ಒಂದು ಕಾಗದವನ್ನು ನಮ್ಮ ಕೈಗಿತ್ತರು.

ಮನೆಗೆ ಬಂದು ಆ ಕಾಗದವನ್ನು ಓದಿ ಹೇಳಿದೆವು. ಅತ್ತೆಯವರು ಎಲ್ಲವನ್ನೂ ಕೇಳಿದರು, ಬಳಿಕ ತಮ್ಮ ಕೈಬಳೆಗಳನ್ನು ಒಮ್ಮೆ ತಿರುವಿ ನೋಡಿಕೊಂಡು ಹೀಗೆಂದರು: “ಅಲ್ಲಪ್ಪಾ, ಮದುವೆಯಲ್ಲಿ ಹಾಕಿದ ಈ ಬಳೆ ಐವತ್ತು ವರ್ಷಕ್ಕೆ ಕಾಲುಪಾಲು ಸವೆದುಹೋಗಿದೆ ಅಂತ ಅಕ್ಕಸಾಲಿಗ ತೂಕ ಹಾಕಿ ತೋರಿಸಿದ. ಇದು ಕೈಮೇಲೆ ಸುಮ್ಮನೆ ಕೂತಿದ್ದದ್ದು. ಮಂಡಿಯೊಳಗೆ ಇಡೀ ಮೈಭಾರ ಹೊರೋ ಲೋಹ ಸವೆಯೋದಿಲ್ಲವೇ? ಸವೆದರೆ ಆ ಪುಡಿ ಎಲ್ಲಿಗೆ ಹೋಗುತ್ತೆ?”

ನಮಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಆದರೆ ಈ ಪ್ರಶ್ನೆಯು ಸಾಮಾನ್ಯವಾದುದಲ್ಲವೆಂದು ಮಾತ್ರ ಹೊಳೆಯಿತು. ಅಂದಿನಿಂದ ಈ ವಿಷಯವನ್ನು ಕುರಿತು ಓದಿ, ತಿಳಿದವರನ್ನು ಕೇಳಿ, ನಮಗೆ ದೊರೆತುದನ್ನು ಈ ತಿಂಗಳ ಪುಟಗಳಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಮಂಡಿ, ಸೊಂಟ, ಹಲ್ಲು, ಹೃದಯ ಇವುಗಳಲ್ಲಿ ಒಂದಕ್ಕಾದರೂ ಕೃತಕವಾದ ಭಾಗವನ್ನಿಡಿಸಿಕೊಂಡ ಬಂಧುಗಳಿಲ್ಲದ ಮನೆಯು ಈಗಿನ ಕಾಲದಲ್ಲಿ ವಿರಳವಾದುದರಿಂದ, ಇದು ನಮ್ಮೊಬ್ಬರ ಮನೆಯ ಮಾತಲ್ಲವೆಂದು ನಂಬಿದ್ದೇವೆ.

ಸವೆತವೆಂಬುದು ಗೃಹಿಣಿಯರಿಗೆ ಹೊಸದೇನೂ ಅಲ್ಲ. ರುಬ್ಬುವ ಒರಳನ್ನೇ ನೋಡೋಣ. ಕಲ್ಲಿನ ಮೇಲೆ ಕಲ್ಲು ಉರುಳಿ ಉರುಳಿ ಒಳಮೈ ನುಣುಪಾಗಿ, ಹಿಟ್ಟು ನುರಿಯದಂತಾದಾಗ ಉಳಿಯಿಂದ ಕಚ್ಚು ಹಾಕಿಸುತ್ತಿದ್ದರು. ಹಾಗೆ ಕಚ್ಚು ಹಾಕಿಸಿದ ದಿನ ಮೊದಲು ಅರೆದ ಹಿಟ್ಟನ್ನು ಯಾರೂ ಉಣ್ಣುತ್ತಿರಲಿಲ್ಲ. ಅದರಲ್ಲಿ ಕಲ್ಲಿನ ಪುಡಿಯಿರುವುದೆಂದು ಹೊರಗೆ ಚೆಲ್ಲಿಬಿಡುತ್ತಿದ್ದರು. ಮೈಯೊಳಗಿನ ಕೀಲಿಗೂ ಈ ಒರಳಿಗೂ ಇರುವ ಭೇದವೊಂದೇ: ಅಲ್ಲಿ ಉದುರಿದ ಪುಡಿಯನ್ನು ಹೊರಗೆ ಚೆಲ್ಲುವ ಉಪಾಯವಿಲ್ಲ. ಮನುಷ್ಯನು ವರ್ಷವೊಂದಕ್ಕೆ ಒಂದೊಂದು ಕಾಲಿನಿಂದಲೂ ಸುಮಾರು ೧೦ ಲಕ್ಷ ಹೆಜ್ಜೆಗಳನ್ನಿಡುತ್ತಾನೆಂದು ವೈದ್ಯಯಂತ್ರಶಾಸ್ತ್ರದವರು ಲೆಕ್ಕ ಹಿಡಿಯುತ್ತಾರೆ. ಹೆಜ್ಜೆ ಹೆಜ್ಜೆಗೂ ಕಣ್ಣಿಗೆ ಕಾಣದಷ್ಟು ಉದುರಿದರೂ ಇಪ್ಪತ್ತು ವರ್ಷಗಳಲ್ಲಿ ಅದು ಅಲಕ್ಷಿಸತಕ್ಕ ಮೊತ್ತವಾಗಿರುವುದಿಲ್ಲ. ಆದಕಾರಣ ಅತ್ತೆಯವರು ಕೇಳಿದ ಎರಡನೆಯ ಪ್ರಶ್ನೆಯೇ ಮೊದಲನೆಯದಕ್ಕಿಂತ ದೊಡ್ಡದು.

ಇನ್ನು ಟೈಟೇನಿಯಂ ಎಂಬ ಲೋಹವು ಯಾವುದು, ಅದಕ್ಕೆ ಇಷ್ಟು ಕೀರ್ತಿ ಹೇಗೆ ಬಂದಿತು ಎಂಬುದನ್ನು ಸಂಕ್ಷೇಪವಾಗಿ ತಿಳಿಸುವೆವು. ೧೭೯೧ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪಾದ್ರಿ ವಿಲಿಯಂ ಗ್ರೆಗರ್ ಎಂಬವರು ತೊರೆಯೊಂದರ ಕಪ್ಪು ಮರಳನ್ನು ಪರೀಕ್ಷಿಸುತ್ತಿರುವಾಗ ಹಿಂದೆ ಯಾರಿಗೂ ತಿಳಿದಿರದ ಧಾತುವೊಂದರ ಸುಳಿವನ್ನು ಕಂಡರು. ೧೭೯೫ರಲ್ಲಿ ಜರ್ಮನಿಯ ಕ್ಲಾಪ್ರೋತ್ ಎಂಬ ರಸಾಯನಶಾಸ್ತ್ರಜ್ಞರು, ಗ್ರೀಕರ ಪುರಾಣದಲ್ಲಿ ಬರುವ ಟೈಟನ್ ಎಂಬ ಮಹಾಕಾಯರ ಹೆಸರನ್ನು ಅದಕ್ಕಿಟ್ಟರು. ಹೆಸರು ಬೇಗ ಬಂದಿತಾದರೂ ಲೋಹವು ಬೇಗ ಕೈಗೆ ಬರಲಿಲ್ಲ. ಕಾದಾಗ ಗಾಳಿಯಲ್ಲಿನ ಆಮ್ಲಜನಕವನ್ನೂ ಸಾರಜನಕವನ್ನೂ ಹೀರಿಕೊಂಡು ಕೆಟ್ಟುಹೋಗುವ ಸ್ವಭಾವ ಅದರದು. ಶುದ್ಧವಾದ ಲೋಹವು ದೊರೆತುದು ೧೯೧೦ರಲ್ಲಿ. ಕಾರ್ಖಾನೆಗಳಿಗೆ ಒದಗುವಷ್ಟು ತಯಾರಿಸುವ ಕ್ರಮವನ್ನು ವಿಲಿಯಂ ಕ್ರೋಲ್ ಎಂಬವರು ಕಂಡುಹಿಡಿದುದು ೧೯೪೦ರ ಸುಮಾರಿಗೆ. ನಮ್ಮ ದೇಶದಲ್ಲಿಯೂ ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಈ ಲೋಹದ ಅದಿರು ಹೇರಳವಾಗಿದೆ.

ಇದರ ಗುಣಗಳು ಮೂರು. ಒಂದನೆಯದು, ಹಗುರತನ. ನೀರಿಗಿಂತ ಉಕ್ಕು ಸುಮಾರು ಎಂಟು ಪಟ್ಟು ಭಾರವಾದರೆ ಇದು ನಾಲ್ಕೂವರೆ ಪಟ್ಟು ಮಾತ್ರ. ಎರಡನೆಯದು, ಬಾಗುವ ಗುಣ. ಭಾರ ಬಿದ್ದಾಗ ಉಕ್ಕಿಗಿಂತ ಸುಮಾರು ಇಮ್ಮಡಿಯಾಗಿ ಇದು ಬಳುಕುವುದು. ಮನೆಯ ಭಾರವನ್ನೆಲ್ಲ ಒಬ್ಬನೇ ಹೊತ್ತರೆ ಉಳಿದವರು ಮೈಗಳ್ಳರಾಗುವಂತೆ, ಬಹಳ ಬಿರುಸಾದ ಲೋಹವು ಪಕ್ಕದಲ್ಲಿದ್ದರೆ ಎಲುಬು ತನ್ನ ಪಾಲಿನ ಭಾರವನ್ನು ಹೊರದೆ ಕ್ಷೀಣಿಸುತ್ತದೆ. ಟೈಟೇನಿಯಂ ಅಷ್ಟು ಬಿರುಸಲ್ಲದುದರಿಂದ ಎಲುಬಿಗೂ ಕೆಲಸವನ್ನು ಉಳಿಸಿಕೊಡುವುದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಗಾಳಿ ತಾಗಿದೊಡನೆಯೇ ಈ ಲೋಹದ ಮೈಮೇಲೆ ಆಮ್ಲಜನಕದೊಡನೆ ಕೂಡಿದ ಒಂದು ಪೊರೆಯು ಹುಟ್ಟಿಕೊಳ್ಳುತ್ತದೆ. ಆ ಪೊರೆಯ ದಪ್ಪವು ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಇರಲಾರದು. ಆದರೂ ರಕ್ತದ ಉಪ್ಪುನೀರು ಲೋಹವನ್ನು ತಿನ್ನದಂತೆ ಅದು ಕಾಯುತ್ತದೆ.

ಆ ಪೊರೆಯ ಮಹಿಮೆಯನ್ನು ಜಗತ್ತು ತಿಳಿದುದು ಒಂದು ಆಕಸ್ಮಿಕದಿಂದ. ೧೯೫೨ರಲ್ಲಿ ಸ್ವೀಡನ್ ದೇಶದ ಲುಂಡ್ ಪಟ್ಟಣದಲ್ಲಿ ಬ್ರೋನೆಮಾರ್ಕ್ ಎಂಬ ವೈದ್ಯರು ಮೊಲದ ಎಲುಬಿನೊಳಗೆ ರಕ್ತಸಂಚಾರವನ್ನು ನೋಡುವುದಕ್ಕೋಸ್ಕರ ಟೈಟೇನಿಯಮಿನ ಚಿಕ್ಕದೊಂದು ನೋಟದ ಕೊಳವೆಯನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಬಿಡಿಸಲು ಹೋದರೆ ಬರಲೊಲ್ಲದು! ಎಲುಬು ಲೋಹವನ್ನು ಪರಕೀಯವೆಂದೆಣಿಸದೆ ಅದಕ್ಕಂಟಿಕೊಂಡೇ ಬೆಳೆದುಬಿಟ್ಟಿತ್ತು. ಆ ವೈದ್ಯರು ಇದನ್ನು ಕೆಲಸ ಕೆಟ್ಟಿತೆಂದು ಬಿಡದೆ ಮುಂದುವರಿಸಿ, ೧೯೬೫ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ಟೈಟೇನಿಯಮಿನ ತಿರುಪುಗಳನ್ನು ನೆಟ್ಟು ಹಲ್ಲುಗಳನ್ನು ಕೂರಿಸಿದರು. ಈಗ ಊರೂರಿನಲ್ಲಿಯೂ ದಂತವೈದ್ಯರು ನೆಡುವ ಹಲ್ಲುಗಳ ಮೂಲವು ಇದೇ.

ಇಷ್ಟು ಗುಣವುಳ್ಳ ಲೋಹದಲ್ಲಿ ದೋಷವೇನು? ಅತ್ತೆಯವರು ಕೇಳಿದುದೇ ದೋಷ. ಇದು ನಿಂತಲ್ಲಿ ನಿಂತರೆ ಬಂಗಾರ; ಉಜ್ಜಿದರೆ ಕೆಡುವುದು. ಕಾರಣವನ್ನು ಹೀಗೆ ವಿವರಿಸಬಹುದು. ಹಸಿಮಣ್ಣಿನ ನೆಲದ ಮೇಲೆ ತೆಳ್ಳಗೆ ಗಾರೆ ಬಳಿದಿದೆಯೆಂದು ಭಾವಿಸಿರಿ. ಅದರ ಮೇಲೆ ನಡೆದಾಡಬಹುದು. ಭಾರವಾದ ಪೆಟ್ಟಿಗೆಯನ್ನು ಎಳೆದರೆ ಕೆಳಗಿನ ಮಣ್ಣು ಕುಗ್ಗಿ ಮೇಲಿನ ಗಾರೆ ಬಿರಿಯುವುದು. ಟೈಟೇನಿಯಮಿನ ಪೊರೆಯು ಕಠಿನವಾದುದು, ಆದರೆ ಅದರ ಕೆಳಗಿರುವ ಲೋಹವು ಅಷ್ಟು ಕಠಿನವಲ್ಲ. ಇನ್ನೊಂದು ವಸ್ತುವು ಒತ್ತಿ ಉಜ್ಜಿದಾಗ ಪೊರೆ ಒಡೆಯುವುದು. ಒಡೆದ ಕಡೆ ಬತ್ತಲೆಯಾದ ಲೋಹವು ಎದುರಿನ ಮೈಗೆ ಅಂಟಿಕೊಂಡು ಕಿತ್ತುಬರುವುದು. ಅಷ್ಟರಲ್ಲಿ ಹೊಸ ಪೊರೆ ಹುಟ್ಟುವುದು, ಮತ್ತೆ ಒಡೆಯುವುದು. ಒಡೆದ ಪೊರೆಯ ಚೂರುಗಳಾದರೋ ಲೋಹಕ್ಕಿಂತ ಗಟ್ಟಿಯಾದುವುಗಳಾದುದರಿಂದ ನಡುವೆ ಸಿಕ್ಕಿಕೊಂಡು ಉಪ್ಪುಕಾಗದದಂತೆ ಎರಡು ಮೈಗಳನ್ನೂ ಕೆರೆಯುತ್ತವೆ. ನಿಂತಾಗ ಕಾಪಾಡುವ ಪೊರೆಯೇ ಉಜ್ಜುವಾಗ ವೈರಿಯಾಗುವುದೆಂಬುದು ಇದರ ತಾತ್ಪರ್ಯ. ವೈದ್ಯಕೀಯದಲ್ಲಿ ಹೆಚ್ಚಾಗಿ ಬಳಸುವುದು ನೂರಕ್ಕೆ ೯೦ ಪಾಲು ಟೈಟೇನಿಯಂ, ೬ ಪಾಲು ಅಲ್ಯುಮಿನಿಯಂ, ೪ ಪಾಲು ವನೇಡಿಯಂ ಕೂಡಿದ ಮಿಶ್ರಲೋಹ. ಶುದ್ಧ ಲೋಹಕ್ಕಿಂತ ಇದು ಬಹಳ ಬಲವುಳ್ಳದ್ದು; ಆದರೂ ಉಜ್ಜುವಿಕೆಯಲ್ಲಿ ಇದಕ್ಕೂ ಅದೇ ಗತಿ.

ಈಗ ಪುಡಿಯ ಪ್ರಶ್ನೆಗೆ ಬರೋಣ. ಇದರ ಉತ್ತರವನ್ನು ಮೊದಲು ಕಷ್ಟಪಟ್ಟು ಕಲಿತವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯರಾದ ಜಾನ್ ಚಾರ್ನ್‌ಲಿಯವರು. ೧೯೫೮ರ ಸುಮಾರಿನಲ್ಲಿ ಅವರು ಸೊಂಟದ ಕೀಲಿಗೆ ಟೆಫ್ಲಾನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟಲನ್ನು ಆರಿಸಿಕೊಂಡರು. ಆಗ ತಿಳಿದಿದ್ದ ಘನವಸ್ತುಗಳಲ್ಲಿ ಅದರಷ್ಟು ಜಾರುವ ವಸ್ತು ಬೇರೊಂದಿರಲಿಲ್ಲ. ಸುಮಾರು ಮುನ್ನೂರು ಮಂದಿಗೆ ಆ ಬಟ್ಟಲನ್ನಿಟ್ಟರು. ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು. ಆದರೆ ಎರಡು ಮೂರು ವರ್ಷಗಳೊಳಗೆ ಬಟ್ಟಲುಗಳು ಹಲವು ಮಿಲಿಮೀಟರುಗಳಷ್ಟು ಕೊರೆದುಹೋದುವು. ಉದುರಿದ ಪುಡಿಯ ಸುತ್ತ ಗಿಣ್ಣಿನಂತಹ ಮುದ್ದೆ ಬೆಳೆದು, ಎಲುಬು ಕರಗಿ, ಕೀಲುಗಳು ಸಡಿಲಗೊಂಡುವು. ಚಾರ್ನ್‌ಲಿಯವರು ತಾವಿಟ್ಟ ಕೀಲುಗಳನ್ನು ತಾವೇ ಒಂದೊಂದಾಗಿ ತೆಗೆಯಬೇಕಾಯಿತು. ಆ ವಸ್ತುವಿನ ಪುಡಿಯು ದೇಹಕ್ಕೆ ಏನು ಮಾಡುವುದೆಂದು ತಿಳಿಯಲು ತಮ್ಮ ತೊಡೆಯೊಳಗೇ ಅದನ್ನು ಇಡಿಸಿಕೊಂಡು ನೋಡಿದರು!

ಇಲ್ಲಿ ಎರಡು ಪಾಠಗಳಿವೆ. ಘರ್ಷಣೆ ಬೇರೆ, ಸವೆತ ಬೇರೆ. ಚೆನ್ನಾಗಿ ಜಾರುವುದೆಲ್ಲ ಬಾಳುವುದೆಂದು ನಂಬಲಾಗದು. ಸೋಪು ಕೈಯಲ್ಲಿ ಎಷ್ಟು ಜಾರುವುದು, ಎಷ್ಟು ಬೇಗ ಕರಗುವುದು ಎಂಬುದನ್ನು ನಾವು ದಿನವೂ ನೋಡುವುದಿಲ್ಲವೆ? ಎರಡನೆಯದು, ಪುಡಿಯು ತಾನಾಗಿ ಇಲ್ಲವಾಗದು. ಮೈಯ ಕಾವಲಿನ ಜೀವಕಣಗಳು ಅದನ್ನು ರೋಗಾಣುವೆಂದು ಬಗೆದು ನುಂಗುತ್ತವೆ. ಜೀರ್ಣಿಸಿಕೊಳ್ಳಲಾರದೆ ಉದ್ರೇಕಗೊಂಡು ರಸಗಳನ್ನು ಸುರಿಸುತ್ತವೆ. ಆ ರಸಗಳ ಪ್ರೇರಣೆಯಿಂದ ಸುತ್ತಲಿನ ಎಲುಬೇ ಕರಗುವುದು. ಕೀಲು ಮುರಿಯದಿದ್ದರೂ ಅದು ನಿಂತಿರುವ ನೆಲವು ಕುಸಿಯುವುದು.

ಚಾರ್ನ್‌ಲಿಯವರನ್ನು ಆ ವ್ಯಸನದಿಂದ ಪಾರುಮಾಡಿದುದು ಪಾಲಿಎಥಿಲೀನ್ ಎಂಬ ಮತ್ತೊಂದು ಪ್ಲಾಸ್ಟಿಕ್ಕಿನ ತುಂಡು. ಅದರ ಮೇಲೆ ಉಗುರಿನಿಂದ ಗೀಚಿ ನೋಡಿ ಅವರು ಅದನ್ನು ತಿರಸ್ಕರಿಸಿದ್ದರು. ಅವರ ಕೈಕೆಳಗಿನ ಕೆಲಸಗಾರ ಹ್ಯಾರಿ ಕ್ರೇವನ್ ಎಂಬಾತನು ಆದರೂ ಬಿಡದೆ ಅದನ್ನು ಉಜ್ಜುವ ಯಂತ್ರದಲ್ಲಿಟ್ಟನು. ಮೂರು ವಾರ ಹಗಲಿರುಳು ಉಜ್ಜಿದರೂ, ಟೆಫ್ಲಾನು ಒಂದು ದಿನದಲ್ಲಿ ಸವೆಯುವಷ್ಟು ಅದು ಸವೆದಿರಲಿಲ್ಲ. ೧೯೬೨ರ ನವೆಂಬರಿನಿಂದ ಅದೇ ಬಳಕೆಗೆ ಬಂದಿತು. ಇಂದಿಗೂ ಅದರ ಸಂತತಿಯೇ ಮಂಡಿ ಸೊಂಟಗಳಲ್ಲಿ ಮೆರೆಯುತ್ತಿದೆ.

ಇಷ್ಟು ಪಾಠವಾದ ಮೇಲೂ ಟೈಟೇನಿಯಮಿನ ಗುಣಗಳಿಗೆ ಮಾರುಹೋದವರು ಕೆಲವರಿದ್ದರು. ಹಗುರವಾದುದು, ಎಲುಬಿಗೆ ಹಿತವಾದುದು ಎಂದು ಸೊಂಟದ ಕೀಲಿನ ಗುಂಡನ್ನೂ ಇದೇ ಮಿಶ್ರಲೋಹದಿಂದ ಮಾಡಿದರು. ಅಂತಹ ಕೀಲುಗಳನ್ನು ಪುನಃ ತೆರೆದ ವೈದ್ಯರಿಗೆ ಒಳಗಿನ ಮಾಂಸವು ಕಾಡಿಗೆ ಬಳಿದಂತೆ ಕರ್ರಗಾಗಿರುವುದು ಕಾಣಿಸಿತು. ಅದು ಗುಂಡಿನಿಂದ ಉದುರಿದ ಲೋಹದ ಪುಡಿ. ಆ ಬಗೆಯ ಗುಂಡುಗಳನ್ನು ೧೯೮೦ರ ದಶಕದ ತರುವಾಯ ಕೈಬಿಡಲಾಯಿತು.

ಇದೇ ಪಾಠವನ್ನು ನಮ್ಮ ದೇಶದಲ್ಲಿಯೇ ಕಲಿತ ಒಂದು ವೃತ್ತಾಂತವುಂಟು. ನಮ್ಮ ವಾಚಕರು ಅದನ್ನು ಅವಶ್ಯವಾಗಿ ತಿಳಿದಿರಬೇಕು. ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲುನೋವು, ಅಲಕ್ಷ್ಯ ಮಾಡಿದಲ್ಲಿ ಕೀಲುವಾಯುವಿನ ಜ್ವರವಾಗಿ ಪರಿಣಮಿಸಿ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಬಡವರ ಮನೆಗಳಲ್ಲಿ ಈ ವ್ಯಾಧಿಯು ಹೆಚ್ಚು. ಕೆಟ್ಟ ಕವಾಟಕ್ಕೆ ಪ್ರತಿಯಾಗಿ ಕೃತಕವಾದುದನ್ನಿಡಬೇಕಾದರೆ ಹಿಂದೆ ಪರದೇಶದಿಂದಲೇ ತರಿಸಬೇಕಾಗಿದ್ದು, ಅದರ ಬೆಲೆಯು ಇಂತಹ ಮನೆಗಳಿಗೆ ಎಟುಕುವಂತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ನಿರ್ದೇಶಕರಾಗಿದ್ದ ಹೃದಯಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅವರೂ, ಭುವನೇಶ್ವರ್ ಮೊದಲಾದ ಯಂತ್ರಶಾಸ್ತ್ರಜ್ಞರೂ ಕೂಡಿ ಸ್ವದೇಶದಲ್ಲಿಯೇ ಕವಾಟವನ್ನು ನಿರ್ಮಿಸಲು ಕಂಕಣ ತೊಟ್ಟರು.

ಹೃದಯದ ಕವಾಟದ ಕೆಲಸವನ್ನು ಊಹಿಸಿಕೊಳ್ಳಿರಿ. ನಿಮಿಷಕ್ಕೆ ಎಪ್ಪತ್ತು ಬಾರಿಯಂತೆ ದಿನಕ್ಕೆ ೧ ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿಗೂ ಮೀರಿದ ಸಲ ಅದು ತೆರೆದು ಮುಚ್ಚಬೇಕು. ಒಂದು ಸಲವೂ ತಪ್ಪುವಂತಿಲ್ಲ. ಈ ಕವಾಟವು ಲೋಹದ ಚೌಕಟ್ಟಿನೊಳಗೆ ಓಲಾಡುವ ಒಂದು ಬಿಲ್ಲೆ. ಚೌಕಟ್ಟಿನ ಕಡ್ಡಿಯನ್ನು ಬಿಲ್ಲೆಯು ಒಂದೇ ಜಾಗದಲ್ಲಿ ಪದೇ ಪದೇ ತಾಗುವುದು. ಮೊದಲ ಮಾದರಿಯು ನಿಲ್ಲಲಿಲ್ಲ. ಎರಡನೆಯದರಲ್ಲಿ ಚೌಕಟ್ಟು ಟೈಟೇನಿಯಮಿನದು, ಬಿಲ್ಲೆ ಕೃತಕ ನೀಲಮಣಿಯದು. ನೀಲಮಣಿಯು ವಜ್ರದ ನಂತರದ ಕಾಠಿನ್ಯವುಳ್ಳದ್ದು. ಅದು ಸುಲಭವಾಗಿ ಸವೆಯದು. ಆದರೆ ತಾನು ಸವೆಯದೆ ಎದುರಿನ ಟೈಟೇನಿಯಮನ್ನು ಸವೆಯಿಸಿಬಿಟ್ಟಿತು. ಚೌಕಟ್ಟು ಅತಿಯಾಗಿ ಸವೆದುದರಿಂದ ಆ ಮಾದರಿಯನ್ನು ಬಿಡಬೇಕಾಯಿತು. ಮೂರನೆಯದರಲ್ಲಿ ಟೈಟೇನಿಯಮಿಗೆ ಬದಲಾಗಿ ಕೋಬಾಲ್ಟು, ಕ್ರೋಮಿಯಂ ಮೊದಲಾದವು ಕೂಡಿದ ಗಟ್ಟಿಯಾದ ಮಿಶ್ರಲೋಹವನ್ನಿಟ್ಟು, ನೀಲಮಣಿಯ ಬಿಲ್ಲೆಯನ್ನು ಉಳಿಸಿಕೊಂಡರು. ಸವೆತವು ನಿಂತಿತು, ಆದರೆ ಕುರಿಯೊಂದರ ಹೃದಯದಲ್ಲಿ ಆ ಬಿಲ್ಲೆಯೇ ಒಡೆದು ಕುರಿ ಸತ್ತಿತು.

ಇಷ್ಟು ವರ್ಷಗಳ ಶ್ರಮವು ಹೀಗೆ ಮುಗಿದಾಗ ಆ ಮಂಡಲಿಯವರ ಮನಸ್ಸು ಹೇಗಿದ್ದಿರಬಹುದು! ಮೂರು ಬಾರಿ ಸೋತವರನ್ನು ಲೋಕವು ಆದರಿಸುವುದು ಕಡಿಮೆ. ಆದರೂ ಅವರು ಸೋಲನ್ನು ಮರೆಮಾಚದೆ, ಅದರಿಂದಲೇ ಕಲಿತು, ಗಟ್ಟಿಯಾದ ಲೋಹದ ಚೌಕಟ್ಟಿಗೆ ಮೆತ್ತನೆಯ ಪಾಲಿಎಥಿಲೀನಿನ ಬಿಲ್ಲೆಯನ್ನು ಜೋಡಿಸಿದರು. ನೀಲಮಣಿಯು ಸಾಧಿಸಲಾರದುದನ್ನು ಪ್ಲಾಸ್ಟಿಕ್ಕು ಸಾಧಿಸಿತು. ೧೯೯೦ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿಡಲಾಯಿತು. ಆ ತರುವಾಯ ಒಂದು ಲಕ್ಷಕ್ಕೂ ಮೀರಿದ ಮಂದಿಗೆ ಚಿತ್ರಾ ಕವಾಟವು ದೊರೆತಿದೆ. ವಲಿಯತ್ತಾನ್ ಅವರು ೧೯೯೩ರಲ್ಲಿ ನಮ್ಮ ನಾಡಿನ ಮಣಿಪಾಲಕ್ಕೆ ಬಂದು, ಅಲ್ಲಿಯ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ, ಚರಕಾದಿಗಳ ಗ್ರಂಥಗಳನ್ನು ಕುರಿತು ಬರೆಯುತ್ತ, ೨೦೨೪ರ ಜುಲೈ ತಿಂಗಳಲ್ಲಿ ಅಲ್ಲಿಯೇ ದಿವಂಗತರಾದರು.

ಈ ವೃತ್ತಾಂತದಿಂದ ತಿಳಿಯುವುದೇನು? ಒಂದು ವಸ್ತುವನ್ನು ತಾನೊಂದೇ ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ಹೇಳಬರುವುದಿಲ್ಲ; ಅದು ಯಾವುದರೊಡನೆ ಉಜ್ಜುವುದೆಂಬುದನ್ನೂ ನೋಡಬೇಕು. ವರನ ಗುಣವೊಂದನ್ನೇ ನೋಡಿ ಲಗ್ನವನ್ನು ನಿಶ್ಚಯಿಸುವವರುಂಟೆ? ಎರಡು ಜಾತಕಗಳೂ ಕೂಡಿಬರಬೇಕಷ್ಟೆ.

ಹಾಗಾದರೆ ಈಗಿನ ಪದ್ಧತಿಯೇನು? ಟೈಟೇನಿಯಮನ್ನು ಅದರ ಯೋಗ್ಯವಾದ ಸ್ಥಾನದಲ್ಲಿಡುವುದೇ ಈಗಿನ ಪದ್ಧತಿ. ತೊಡೆಯೆಲುಬಿನೊಳಗೆ ಇಳಿಸುವ ಕಂಬಿ, ಸೊಂಟದ ಎಲುಬಿಗೆ ಅಂಟಬೇಕಾದ ಬಟ್ಟಲಿನ ಹೊರಕವಚ, ದವಡೆಯ ತಿರುಪು, ಮುರಿದ ಎಲುಬನ್ನು ಹಿಡಿದಿಡುವ ಪಟ್ಟಿ ಇವುಗಳಲ್ಲಿ ಅದು ಎಲುಬಿನೊಡನೆ ಇರುವುದೇ ಹೊರತು ಉಜ್ಜುವುದಿಲ್ಲ. ಉಜ್ಜುವ ಮೈಗಳಿಗೆ ಕೋಬಾಲ್ಟ್ ಮಿಶ್ರಲೋಹ ಅಥವಾ ಪಿಂಗಾಣಿಯಂತಹ ಗಟ್ಟಿಯಾದ ವಸ್ತುವಿನ ಗುಂಡು, ಅದಕ್ಕೆದುರಾಗಿ ಪಾಲಿಎಥಿಲೀನು. ಕಿರಣಗಳಿಂದ ಸಂಸ್ಕರಿಸಿ ಇನ್ನಷ್ಟು ಗಟ್ಟಿಮಾಡಿದ ಪಾಲಿಎಥಿಲೀನು ೧೯೯೦ರ ದಶಕದ ಕೊನೆಯಿಂದ ಬಳಕೆಗೆ ಬಂದು ಸವೆತವನ್ನು ಬಹುಮಟ್ಟಿಗೆ ತಗ್ಗಿಸಿದೆ. ಟೈಟೇನಿಯಮಿನ ಮೈಯನ್ನೇ ಗಟ್ಟಿಮಾಡುವ ಪ್ರಯತ್ನಗಳೂ ಉಂಟು. ಸಾರಜನಕವನ್ನು ಮೇಲ್ಮೈಗೆ ಹೊಗಿಸಿದರೆ ಅದು ಕಠಿನವಾಗುತ್ತದೆ. ಟೈಟೇನಿಯಮೂ ಸಾರಜನಕವೂ ಕೂಡಿದ ಸಂಯುಕ್ತವನ್ನು ಲೇಪವಾಗಿ ಕೊಟ್ಟರೆ ಹೊಂಬಣ್ಣ ಬರುತ್ತದೆ. ಜನರ ಬಾಯಲ್ಲಿ “ಚಿನ್ನದ ಮಂಡಿ” ಎಂದು ಹೆಸರಾಗಿರುವುದು ಇಂತಹ ಲೇಪದ ಕೀಲು; ಅದರಲ್ಲಿ ಚಿನ್ನದ ಲವಲೇಶವೂ ಇರುವುದಿಲ್ಲ.

ಗುಂಡನ್ನು ಕಂಬಿಗೆ ಕೂಡಿಸುವ ಸಂದಿನಲ್ಲಿಯೂ ಸೂಕ್ಷ್ಮವಾದ ತಿಕ್ಕಾಟವೊಂದಿದೆಯೆಂಬುದನ್ನು ಮರೆಯಬಾರದು. ಬಿಗಿಯಾಗಿ ಕೂತಂತೆ ಕಂಡರೂ ಹೆಜ್ಜೆ ಹೆಜ್ಜೆಗೂ ಅಲ್ಲಿ ಕೂದಲೆಳೆಗಿಂತ ಕಡಿಮೆಯ ಅಲುಗಾಟ ನಡೆಯುತ್ತದೆ, ಪೊರೆ ಒಡೆಯುತ್ತದೆ, ಉಪ್ಪುನೀರು ಒಳಹೋಗಿ ಲೋಹವನ್ನು ತಿನ್ನುತ್ತದೆ. ಗಟ್ಟಿಯಾದುದೆಂದು ಕೋಬಾಲ್ಟ್ ಲೋಹವನ್ನೇ ಕೋಬಾಲ್ಟ್ ಲೋಹಕ್ಕೆ ಉಜ್ಜಲು ಬಿಟ್ಟ ಸೊಂಟದ ಕೀಲುಗಳೂ ಲೋಹದ ಕಣಗಳನ್ನು ರಕ್ತಕ್ಕೆ ಸೇರಿಸಿ, ಅಂತಹವುಗಳಲ್ಲಿ ಬಹಳವಾಗಿ ಬಳಸಲ್ಪಟ್ಟಿದ್ದ ಒಂದು ಬಗೆಯನ್ನು ೨೦೧೦ರಲ್ಲಿ ಲೋಕದಾದ್ಯಂತ ಹಿಂದಕ್ಕೆ ಕರೆಸಬೇಕಾಯಿತು.

ಈಗ ನಮ್ಮ ಮನೆಯ ಕಾಗದಕ್ಕೆ ಬರೋಣ. ಮಂಡಿಯ ಕೀಲಿನಲ್ಲಿ ಸಾಮಾನ್ಯವಾಗಿ ಮೇಲಿನ ತೊಡೆಯೆಲುಬಿನ ಟೋಪಿಯು ಕೋಬಾಲ್ಟ್ ಮಿಶ್ರಲೋಹದ್ದು. ಕೆಳಗಿನ ತಟ್ಟೆಯು ಅನೇಕವೇಳೆ ಟೈಟೇನಿಯಮಿನದು. ನಡುವೆ ಉಜ್ಜಿಸಿಕೊಳ್ಳುವುದು ಪಾಲಿಎಥಿಲೀನು. ಹೀಗಿರಲು “ಟೈಟೇನಿಯಂ ಮಂಡಿ” ಎಂಬ ಮಾತಿನಿಂದ ಯಾವ ಭಾಗವು ಟೈಟೇನಿಯಮೆಂದು ತಿಳಿಯದು. ೨೦೧೭ರ ಆಗಸ್ಟಿನಲ್ಲಿ ಭಾರತ ಸರ್ಕಾರವು ಮಂಡಿಯ ಕೀಲುಗಳ ಬೆಲೆಗೆ ಮಿತಿಯನ್ನು ವಿಧಿಸಿದಾಗ, ಕೋಬಾಲ್ಟ್ ಕ್ರೋಮಿಯಮಿನದಕ್ಕೆ ತೆರಿಗೆ ಹೊರತು ೫೪,೭೨೦ ರೂಪಾಯಿಗಳನ್ನೂ, ಟೈಟೇನಿಯಂ ಮುಂತಾದ ವಿಶೇಷ ಲೋಹದ್ದಕ್ಕೆ ೭೬,೬೦೦ ರೂಪಾಯಿಗಳನ್ನೂ ಗೊತ್ತುಮಾಡಿತು. ಬೆಲೆಯಲ್ಲಿ ಭೇದವಿದೆಯೆಂದ ಮಾತ್ರಕ್ಕೆ ಬಾಳಿಕೆಯಲ್ಲಿಯೂ ಅಷ್ಟೇ ಭೇದವಿದೆಯೆಂದು ಭಾವಿಸಲಾಗದು. ನಿಕಲ್ ಮೊದಲಾದ ಲೋಹಗಳು ಮೈಗೊಗ್ಗದವರಿಗೆ ವಿಶೇಷ ಲೋಹದ ಅಥವಾ ಲೇಪದ ಕೀಲು ಬೇಕಾಗಬಹುದು. ಉಳಿದವರು ವೈದ್ಯರ ಅಭಿಪ್ರಾಯವನ್ನು ಕೇಳಿಯೇ ಹಣವನ್ನು ವ್ಯಯಮಾಡುವುದು ಲೇಸು.

ಎಷ್ಟು ಕಾಲ ಬಾಳುವುದೆಂಬುದಕ್ಕೂ ಈಗ ಉತ್ತರವುಂಟು. ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ ೨೦೧೯ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದಂತೆ, ಮಂಡಿಯ ಪೂರ್ಣ ಕೀಲುಗಳಲ್ಲಿ ನೂರಕ್ಕೆ ಸುಮಾರು ೮೨ರಷ್ಟು ೨೫ ವರ್ಷಗಳವರೆಗೂ ಬದಲಾಯಿಸಬೇಕಾಗದೆ ನಡೆದಿವೆ.

ವಾಚಕರು ತಮ್ಮ ಹಿರಿಯರನ್ನು ಇಂತಹ ಚಿಕಿತ್ಸೆಗೆ ಕರೆದೊಯ್ಯುವಾಗ ನಾಲ್ಕು ಸಂಗತಿಗಳನ್ನು ನೆನಪಿನಲ್ಲಿಡಬೇಕೆಂದು ನಮ್ಮ ಸೂಚನೆ. ಒಂದು, “ಯಾವ ಲೋಹ?” ಎಂದು ಮಾತ್ರ ಕೇಳದೆ “ಉಜ್ಜುವ ಎರಡು ಮೈಗಳು ಯಾವುವು?” ಎಂದು ಕೇಳಿರಿ. ಎರಡು, ಇಟ್ಟ ಕೀಲಿನ ಹೆಸರು, ಸಂಖ್ಯೆ ಇರುವ ಚೀಟಿಯನ್ನು ಆಸ್ಪತ್ರೆಯ ಕಾಗದಗಳೊಡನೆ ಮನೆಯ ಪತ್ರಗಳಂತೆಯೇ ಜೋಪಾನಮಾಡಿರಿ. ಮುಂದೆ ಯಾವುದಾದರೊಂದು ಬಗೆಯನ್ನು ಹಿಂದಕ್ಕೆ ಕರೆದರೆ ಆ ಚೀಟಿಯೇ ಆಧಾರ. ಮೂರು, ನೋವಿಲ್ಲವೆಂದು ವೈದ್ಯರು ಹೇಳಿದ ಕಾಲಕ್ಕೆ ಚಿತ್ರ ತೆಗೆಸುವುದನ್ನು ಬಿಡಬೇಡಿರಿ. ಪುಡಿಯಿಂದ ಎಲುಬು ಕರಗುವುದು ಬಹುಕಾಲ ನೋವಿಲ್ಲದೆಯೇ ನಡೆಯುವುದು. ವರ್ಷಗಟ್ಟಲೆ ಸುಖವಾಗಿದ್ದ ಕೀಲಿನಲ್ಲಿ ಹೊಸದಾಗಿ ನೋವು ಹುಟ್ಟಿದರೆ ಅದನ್ನು ವಯೋಧರ್ಮವೆಂದು ತಳ್ಳಿಹಾಕಬೇಡಿರಿ. ನಾಲ್ಕು, ಮಕ್ಕಳ ಗಂಟಲುನೋವನ್ನು ಜ್ವರದೊಡನೆ ಕಂಡರೆ ವೈದ್ಯರಿಗೆ ತೋರಿಸಿರಿ. ಎಷ್ಟು ಉತ್ತಮವಾದರೂ ಕೃತಕ ಕವಾಟವು ಹುಟ್ಟಿನ ಕವಾಟಕ್ಕೆ ಸಮನಾಗದು.

ಇದನ್ನೆಲ್ಲ ನಾವು ಅತ್ತೆಯವರಿಗೆ ಒಂದು ಸಂಜೆ ಓದಿ ಹೇಳಿದೆವು. ಕುರಿಯ ವಿಷಯ ಬಂದಾಗ “ಪಾಪ” ಎಂದರು. ಕೊನೆಗೆ, “ಹಾಗಾದರೆ ಪುಡಿ ಉದುರೋದು ತಪ್ಪೋದಿಲ್ಲ, ಕಡಿಮೆ ಮಾಡಬಹುದು, ಅಷ್ಟೇ ತಾನೆ?” ಎಂದು ಕೇಳಿದರು. ಹೌದೆಂದೆವು. “ಅದನ್ನ ಮೊದಲೇ ಹೇಳಿದ್ದರೆ ನಾನು ಇಷ್ಟು ದಿನ ಹೆದರುತ್ತಿರಲಿಲ್ಲವಪ್ಪಾ. ಸವೆಯೋದೇ ಇಲ್ಲ ಅಂತ ಅವರು ಹೇಳಿದ್ದಕ್ಕೇ ನನಗೆ ಅನುಮಾನ ಬಂದದ್ದು” ಎಂದರು.

ಮರುದಿನ ಅವರೇ ವೈದ್ಯರನ್ನು ಉಜ್ಜುವ ಎರಡು ಮೈಗಳನ್ನು ಕುರಿತು ಕೇಳಿದರು. ವೈದ್ಯರು ನಕ್ಕು, ಕೀಲಿನ ಮಾದರಿಯೊಂದನ್ನು ತಂದು ಅವರ ಕೈಗೇ ಕೊಟ್ಟು, ಬಿಡಿಸಿ ತೋರಿಸಿ, ಅವರ ಮೈಗೆ ಸಾಮಾನ್ಯವಾದ ಬಗೆಯೇ ಸಾಕೆಂದರು. ಬರುವ ತಿಂಗಳ ಎರಡನೆಯ ವಾರದಲ್ಲಿ ಶಸ್ತ್ರಚಿಕಿತ್ಸೆಯು ನಿಶ್ಚಯವಾಗಿದೆ. ಬಳೆಗಳನ್ನು ಆಸ್ಪತ್ರೆಗೆ ಹೋಗುವ ಮುನ್ನ ಕಳಚಿಡಬೇಕಂತೆ. ಐವತ್ತು ವರ್ಷಗಳಲ್ಲಿ ಅವು ಕೈಬಿಟ್ಟಿರುವುದು ಇದೇ ಮೊದಲೆಂದು ಅವರಿಗೆ ಅದೊಂದೇ ಈಗಿನ ಚಿಂತೆ.